ಕೇಸರಿಯ ಗ್ರೀಷ್ಮನಿದ್ರೆ

ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ನಗರವಿನ್ನೇನು ಸಮೀಪಿಸಿತು ಎನ್ನುವ ಹೊತ್ತಿಗೆ, ಪಾಂಪೋರ್ ಎಂಬ ಊರು ಎದುರಾಗುತ್ತದೆ. ಆಷಾಢಮಾಸದ ಒಂದು ಮಧ್ಯಾಹ್ನ ನಾನು ಮೊದಲ ಬಾರಿಗೆ ಆ ದಾರಿಯಲ್ಲಿ ಹೋದಾಗ, ಇಕ್ಕೆಲದ ಅಂಗಡಿಗಳ ಫಲಕಗಳಲ್ಲೆಲ್ಲ ಕೇಸರಿಯ ಹೆಸರನ್ನೇ ಓದುತ್ತ, ಇಷ್ಟು ಕೀರ್ತಿವೆತ್ತ ಆ ಹೂವಿನ ಹೊಲಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ಕಾರನ್ನು ನಿಲ್ಲಿಸಿ ಇಳಿದು ನೋಡಿದರೆ, ಕಂಡದ್ದು ಬರಿಯ ಮಣ್ಣು: ಹಸುರಿನ ಒಂದು ಗರಿಯೂ ಇಲ್ಲದ, ಬಿಸಿಲಿಗೆ ಬೆಳ್ಳಗಾದ, ಚೌಕಚೌಕವಾಗಿ ಮಡಿಕಟ್ಟಿ ನಡುನಡುವೆ ಕಾಲುವೆ ತೋಡಿದ ಮಣ್ಣು. ಬದುವಿನ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನನ್ನ ಮುಖದಲ್ಲಿದ್ದ ನಿರಾಶೆಯನ್ನು ಗುರುತಿಸಿರಬೇಕು. "ಕೋಂಗ್ ಮಲಗಿದೆ, ಸಾಹೇಬರೆ, ಮೇಲೆ ಕಾಲಿಡಬೇಡಿ" ಎಂದು ಹಿಂದಿಯಲ್ಲಿ ಹೇಳಿದರು. ಕೋಂಗ್ ಎಂದರೆ ಕಾಶ್ಮೀರಿಗಳ ಮಾತಿನಲ್ಲಿ ಕೇಸರಿ.

ಆ ಒಂದು ಮಾತು ನನ್ನ ಮನಸ್ಸಿನಲ್ಲಿ ನೆಟ್ಟಿತು. ಬೇಸಗೆಯಲ್ಲಿ ಎಲೆಯುದುರಿಸಿ, ಮುಂಗಾರಿನ ಮೊದಲ ಹನಿಗೆ ಚಿಗುರಿ, ಮಳೆಗಾಲವೆಲ್ಲ ಬೆಳೆದು, ಸುಗ್ಗಿಗೆ ಮಾಗುವ ಸಸ್ಯಗಳ ನಡುವೆ ಹುಟ್ಟಿ ಬೆಳೆದ ನಮಗೆ, ಶರತ್ಕಾಲದಲ್ಲಿ ಎಚ್ಚತ್ತು, ಹಿಮದ ಕೆಳಗೆ ಹಸುರಾಗಿದ್ದು, ವಸಂತ ಮುಗಿಯುವಷ್ಟರಲ್ಲಿ ಒಣಗಿ, ಗ್ರೀಷ್ಮವನ್ನೆಲ್ಲ ನೆಲದೊಳಗೆ ನಿದ್ರಿಸಿ ಕಳೆಯುವ ಸಸ್ಯವೊಂದಿದೆ ಎಂಬುದೇ ವಿಚಿತ್ರವೆನಿಸುತ್ತದೆ. ಆದರೆ ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ, ಪಶ್ಚಿಮ ಏಷ್ಯಾದ ಬೆಟ್ಟಸಾಲುಗಳಲ್ಲಿ, ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ, ಎಂದರೆ ಚಳಿಗಾಲದಲ್ಲಿ ಮಳೆ ಬಂದು ಬೇಸಗೆ ನಿರ್ಜಲವಾಗಿರುವ ಕಡೆಗಳಲ್ಲೆಲ್ಲ, ಇದೇ ಸಹಜವಾದ ಬಾಳು. ಅಲ್ಲಿ ಸಸ್ಯಕ್ಕೆ ಶತ್ರು ಚಳಿಯಲ್ಲ, ಬಾಯಾರಿಕೆ. ಬಾಯಾರಿಕೆಯ ತಿಂಗಳುಗಳನ್ನು ದಾಟುವುದಕ್ಕೆ ಅದು ಕಂಡುಕೊಂಡ ಉಪಾಯವೇ ಗೆಡ್ಡೆ.

ಗೆಡ್ಡೆ ಎಂಬ ಮಾತನ್ನು ನಾವು ನೆಲದೊಳಗೆ ಉಬ್ಬಿಕೊಂಡದ್ದಕ್ಕೆಲ್ಲ ಬಳಸುತ್ತೇವೆ. ಸಸ್ಯಶಾಸ್ತ್ರಜ್ಞರು ಅದರಲ್ಲಿ ಭೇದಗಳನ್ನೆಣಿಸುತ್ತಾರೆ, ಮತ್ತು ಆ ಭೇದ ತಿಳಿಯುವುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ, ಈಳಿಗೆಮಣೆ ಸಾಕು. ಈರುಳ್ಳಿಯನ್ನು ಹೋಳುಮಾಡಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆ ಪದರಗಳು ಆಹಾರ ತುಂಬಿಕೊಂಡು ದಪ್ಪಗಾದ ಎಲೆಗಳು. ಕೆಸುವಿನ ಗೆಡ್ಡೆಯನ್ನೋ ಸುವರ್ಣಗೆಡ್ಡೆಯನ್ನೋ ಹೋಳುಮಾಡಿದರೆ ಪದರವೇ ಇಲ್ಲ, ಆದ್ಯಂತವೂ ಒಂದೇ ಘನವಾದ ತಿರುಳು. ಅದು ಎಲೆಯಲ್ಲ, ಕುಗ್ಗಿ ಉಬ್ಬಿದ ಕಾಂಡ. ಈ ಎರಡನೆಯ ಬಗೆಯನ್ನು ಕಾರ್ಮ್ ಎನ್ನುತ್ತಾರೆ. ಕಂದವೆಂಬ ಹಳೆಯ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕೇಸರಿಯದೂ ಈ ಜಾತಿಯ ಕಂದವೇ, ಗಾತ್ರದಲ್ಲಿ ಮಾತ್ರ ಸಣ್ಣ ಈರುಳ್ಳಿಯಷ್ಟು. ಮೇಲೆ ತೆಂಗಿನ ನಾರನ್ನು ಹೆಣೆದಂತಹ ಕಂದುಬಣ್ಣದ ಹೊದಿಕೆ, ಅದನ್ನು ಸುಲಿದರೆ ಬಾದಾಮಿಯ ತಿರುಳಿನಂತೆ ಬಿಳುಪಾದ ಮೈ, ತುದಿಯಲ್ಲಿ ಒಂದೆರಡು ಚೂಪು ಮೊಗ್ಗು.

ಸುವರ್ಣಗೆಡ್ಡೆಯನ್ನು ಬೆಳೆದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ನೆಟ್ಟ ತುಂಡು ಸಸಿಯನ್ನು ಮೇಲಕ್ಕೆ ಕಳಿಸಿ ತಾನು ಸೊರಗಿ ಹೋಗುತ್ತದೆ. ಕಿತ್ತಾಗ ಸಿಗುವ ಗೆಡ್ಡೆ ಆ ವರ್ಷ ಹೊಸದಾಗಿ ಕಟ್ಟಿದ್ದು. ಕೇಸರಿಯಲ್ಲಿಯೂ ಹಾಗೆಯೇ. ಶರತ್ತಿನಲ್ಲಿ ತಾಯಿಕಂದ ತನ್ನ ಸಂಚಯವನ್ನೆಲ್ಲ ಹೂವಿಗೂ ಎಲೆಗೂ ಧಾರೆಯೆರೆದು ಬತ್ತುತ್ತದೆ. ದರ್ಭೆಯಂತೆ ಕಿರಿದಾದ ಆ ಎಲೆಗಳು ಚಳಿಗಾಲದ ಎಳೆಬಿಸಿಲಿನಲ್ಲಿ ಮೆಲ್ಲಮೆಲ್ಲನೆ ದುಡಿದು, ತಾಯಿಯ ನೆತ್ತಿಯ ಮೇಲೆಯೇ ಎರಡು ಮೂರು ಮರಿಕಂದಗಳನ್ನು ತುಂಬುತ್ತವೆ. ಏಪ್ರಿಲ್ ಕಳೆದು ಮೇ ಬರುವಾಗ ಎಲೆ ಹಳದಿಗೂಡಿ ಬಿದ್ದುಹೋದರೆ, ತಾಯಿಯಿದ್ದಲ್ಲಿ ಒಣಗಿದ ಬಿಲ್ಲೆಯೊಂದು ಮಾತ್ರ ಉಳಿದಿರುತ್ತದೆ. ಆದ್ದರಿಂದ ಹತ್ತು ವರ್ಷದ ಕೇಸರಿಯ ಹೊಲದಲ್ಲಿ ಹತ್ತು ವರ್ಷದ ಕಂದ ಒಂದೂ ಇಲ್ಲ. ಮರಿ ತಾಯಿಯ ಮೇಲೆ ಕೂರುವುದರಿಂದ ಪೀಳಿಗೆ ಪೀಳಿಗೆಗೆ ಅವು ನೆಲದ ಮಟ್ಟಕ್ಕೆ ಏರಿ ಬರುತ್ತವೆ. ಬೆಳೆಗಾರರು ಕಂದವನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕೆ ನೆಡುವುದಕ್ಕೂ, ಕೆಲವು ವರ್ಷಕ್ಕೊಮ್ಮೆ ಅಗೆದು ಬೇರ್ಪಡಿಸಿ ಮರಳಿ ನೆಡುವುದಕ್ಕೂ ಇದೊಂದು ಕಾರಣ.

ಇನ್ನು ಈ ನಿದ್ರೆಯ ವಿಷಯ. ನಿದ್ರೆಯೆಂದರೆ ನಿಷ್ಕ್ರಿಯತೆಯೆಂದು ಎಣಿಸಿದವರು ಕೇಸರಿಯನ್ನು ಅರಿತವರಲ್ಲ. ಎಲೆಯಿಲ್ಲದೆ, ಬೇರಿಲ್ಲದೆ, ಒಂದು ತೊಟ್ಟು ನೀರಿಲ್ಲದೆ ಒಣಮಣ್ಣಿನಲ್ಲಿ ಬಿದ್ದಿರುವ ಆ ಎರಡು ಮೂರು ತಿಂಗಳುಗಳಲ್ಲೇ ಕಂದದ ತುದಿಮೊಗ್ಗಿನೊಳಗೆ ಹೂವಿನ ಭಾಗಗಳು ಒಂದೊಂದಾಗಿ ರೂಪುಗೊಳ್ಳುತ್ತವೆ. ಕೇಸರ, ದಳ, ಶಲಾಕೆ ಎಲ್ಲವೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ಆದರೆ ಸಂಪೂರ್ಣವಾಗಿ, ಕತ್ತಲಲ್ಲಿ ಸಿದ್ಧವಾಗುತ್ತವೆ. ಇದಕ್ಕೆ ಬೇಕಾದ ಶಾಖವನ್ನು ವಿಜ್ಞಾನಿಗಳು ಅಳೆದಿದ್ದಾರೆ: ಹೂ ಕಟ್ಟುವುದಕ್ಕೆ 23ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು, ಕಟ್ಟಿದ ಹೂ ಹೊರಬರುವುದಕ್ಕೆ ಅದು 17ರ ಆಸುಪಾಸಿಗೆ ಇಳಿಯಬೇಕು. ಬೇಸಗೆಯುದ್ದಕ್ಕೂ ಕಂದವನ್ನು ಚಳಿಯಲ್ಲಿಟ್ಟರೆ ಅದು ಸಾಯುವುದಿಲ್ಲ, ಆದರೆ ಹೂವನ್ನೂ ಕಟ್ಟುವುದಿಲ್ಲ. ಹಾಗಾಗಿ ಈ ಸಸ್ಯಕ್ಕೆ ಬಿಸಿಲಿರುವ ತೋಟ ಬೇಕೆಂದು ಹೇಳುವಾಗ, ಚಳಿಗಾಲದಲ್ಲಿ ಎಲೆಗೆ ತಾಗುವ ಬಿಸಿಲನ್ನಷ್ಟೇ ನೆನೆಯಬಾರದು. ಬೇಸಗೆಯಲ್ಲಿ ಬರಿನೆಲಕ್ಕೆ ಬೀಳುವ ಬಿಸಿಲೂ ವ್ಯರ್ಥವಲ್ಲ. ಪಾಂಪೋರಿನ ಆ ಬೋಳು ದಿಬ್ಬಗಳ ಎದುರು ನಾನು ನಿರಾಶನಾಗಿ ನಿಂತಿದ್ದ ಗಳಿಗೆಯಲ್ಲೇ, ನನ್ನ ಪಾದದಿಂದ ಒಂದು ಗೇಣು ಕೆಳಗೆ ಮುಂಬರುವ ಕಾರ್ತಿಕದ ಹೂಗಳು ತಯಾರಾಗುತ್ತಿದ್ದುವು.

ಇದನ್ನು ಆಗ ನಾನು ಅರಿತಿರಲಿಲ್ಲ, ಅರಿಯದ್ದರಿಂದ ಒಂದು ನಷ್ಟವನ್ನೂ ಅನುಭವಿಸಿದೆ. ಮುಂದಿನ ವರ್ಷ ಸ್ನೇಹಿತರೊಬ್ಬರು ಕಾಶ್ಮೀರದಿಂದ ಹನ್ನೆರಡು ಕಂದಗಳನ್ನು ತಂದುಕೊಟ್ಟರು. ಬೆಂಗಳೂರಿನ ನಮ್ಮ ಮನೆಯಲ್ಲಿ, ಕುಂಡಗಳು ಸಿದ್ಧವಾಗುವ ತನಕ ಇರಲೆಂದು, ಅವನ್ನು ಬಿದಿರಿನ ಬುಟ್ಟಿಯಲ್ಲಿ ಹರವಿ ಉಗ್ರಾಣದ ಹಲಗೆಯ ಮೇಲಿಟ್ಟು, ಕೆಲಸಗಳ ನಡುವೆ ಮರೆತೆ. ದೀಪಾವಳಿಗೆ ಎಣ್ಣೆಯ ಡಬ್ಬಿ ತೆಗೆಯಲು ಹೋದ ಮನೆಯವರು ಕೂಗಿ ಕರೆದಾಗ ಹೋಗಿ ನೋಡುತ್ತೇನೆ: ಮಣ್ಣಿಲ್ಲದೆ, ನೀರಿಲ್ಲದೆ, ಆ ಬುಟ್ಟಿಯಲ್ಲೇ ಎರಡು ಕಂದಗಳು ಹೂಬಿಟ್ಟಿದ್ದುವು. ಬಿಳಿಯ ಪೊರೆಯೊಂದನ್ನು ಸೀಳಿಕೊಂಡು ಮೇಲೆದ್ದ ಆರು ನೇರಳೆ ದಳ. ಒಳಗೆ ಮೂರು ಹಳದಿ ಕೇಸರ. ಅವುಗಳ ನಡುವಿನಿಂದ ಹೊರಚಾಚಿ ಒಂದು ಪಕ್ಕಕ್ಕೆ ಜೋತುಬಿದ್ದ, ಕೆಂಡದಂತೆ ಕೆಂಪಾದ ಮೂರು ಎಳೆ. ಆ ಮೂರು ಎಳೆಗಳೇ ಲೋಕ ಕೇಸರಿಯೆಂದು ಕೊಳ್ಳುವ ವಸ್ತು. ಹೂವಿನ ತೊಟ್ಟೆಂದು ನಾನು ತಿಳಿದದ್ದು ತೊಟ್ಟಲ್ಲ, ದಳಗಳೇ ಕೂಡಿ ಆದ ನೀಳವಾದ ನಾಳ. ನೆಲದಲ್ಲಿ ಬೆಳೆದಿದ್ದರೆ ಹೂವಿನ ಅಂಡಾಶಯ ಮಣ್ಣಿನೊಳಗೇ ಉಳಿಯುತ್ತಿತ್ತು.

ಆನಂದದಿಂದ ಹನ್ನೆರಡನ್ನೂ ಮಣ್ಣಿಗೆ ಹಾಕಿದೆ. ಎಲೆಗಳು ಬಂದುವು, ಮಾಘದ ತನಕ ಚೆನ್ನಾಗಿಯೇ ಇದ್ದುವು. ಫಾಲ್ಗುನದಲ್ಲಿ ತುದಿ ಹಳದಿಯಾದಾಗ, ಬಾಡುವ ಗಿಡಕ್ಕೆ ನೀರೆರೆಯಬೇಕೆಂಬುದನ್ನು ತುಳಸಿಕಟ್ಟೆಯ ಮುಂದೆ ಬಾಲ್ಯದಿಂದಲೇ ಕಲಿತ ನನ್ನ ಕೈ, ದಿನವೂ ಒಂದೊಂದು ಚೊಂಬು ನೀರು ಹಾಕಿತು. ಜ್ಯೇಷ್ಠದ ಮಳೆಯೂ ಅದರ ಮೇಲೆ ಸುರಿಯಿತು. ಭಾದ್ರಪದದಲ್ಲಿ ಕೆದಕಿ ನೋಡಿದರೆ, ನಾರಿನ ಹೊದಿಕೆಯೊಳಗೆ ಬೆರಳಿಗೆ ಅಂಟುವ ಕೊಳೆ; ಬಟಾಣಿಯಷ್ಟು ಸಣ್ಣವು ಮೂರು ನಾಲ್ಕು ಮಾತ್ರ ಗಟ್ಟಿಯಾಗಿದ್ದುವು. ಎಲೆಯ ಹಳದಿ ಬಾಯಾರಿಕೆಯ ಕುರುಹಲ್ಲ, ನಿದ್ರೆಯ ಕರೆ. ನಿದ್ದೆ ಹೋಗುತ್ತಿದ್ದವರಿಗೆ ನಾನು ನೀರೆರಚಿದೆ. ಅವುಗಳ ಸಾವು ನನಗೆ ಇಂದಿಗೂ ನೋವಿನ ನೆನಪು. ನೀರನ್ನು ತಡೆದಿದ್ದರೂ ಅವು ಬೆಂಗಳೂರಿನಲ್ಲಿ ಬಹುಕಾಲ ಬಾಳುತ್ತಿರಲಿಲ್ಲವೆಂಬುದು ಬೇರೆ ಮಾತು. ನಮ್ಮಲ್ಲಿ ಮುಂಗಾರು ಬರುವುದು ಅವು ಶುಷ್ಕತೆಯನ್ನು ಬೇಡುವ ತಿಂಗಳುಗಳಲ್ಲೇ. ನಮ್ಮ ಚಳಿಗಾಲವೋ, ಎಲೆಗಳು ಐದಾರು ತಿಂಗಳು ಬಾಳಿ ಮರಿಗಳನ್ನು ಕೊಬ್ಬಿಸುವಷ್ಟು ದೀರ್ಘವೂ ಅಲ್ಲ, ತಂಪೂ ಅಲ್ಲ. 8 ಗ್ರಾಮಿಗಿಂತ ಕಡಿಮೆ ತೂಗುವ ಕಂದದಿಂದ ಹೂವನ್ನು ನಿರೀಕ್ಷಿಸುವಂತಿಲ್ಲ. ಬೆಚ್ಚನೆಯ ಚಳಿಗಾಲದಲ್ಲಿ ಮರಿಗಳು ಆ ತೂಕವನ್ನು ಮುಟ್ಟುವುದೇ ಇಲ್ಲ.

ಈಚೆಗೆ ನಮ್ಮ ನಗರಗಳಲ್ಲಿ ಕೋಣೆಯೊಳಗೆ ಯಂತ್ರದಿಂದ ತಂಪನ್ನೂ ತೇವವನ್ನೂ ಹದಗೊಳಿಸಿ, ತಟ್ಟೆಗಳಲ್ಲಿ ಕಂದಗಳನ್ನು ಜೋಡಿಸಿ ಕೇಸರಿ ಬೆಳೆಯುವವರು ಹೊರಟಿದ್ದಾರೆ. ನನ್ನ ಬುಟ್ಟಿಯಲ್ಲಿ ತಾನೇ ತಾನಾಗಿ ನಡೆದದ್ದನ್ನು ಅವರು ಶಾಸ್ತ್ರೋಕ್ತವಾಗಿ ನಡೆಸುತ್ತಾರೆ. ಹೂ ಬರುವುದು ನಿಶ್ಚಯ, ಏಕೆಂದರೆ ಅದು ಕಂದದೊಳಗೆ ಆಗಲೇ ಇದೆ. ಕಷ್ಟವಿರುವುದು ಹೂ ಕಿತ್ತ ಮೇಲೆ, ಬರಿದಾದ ಕಂದ ಮತ್ತೆ ತುಂಬಿಕೊಳ್ಳಬೇಕಾದ ಆ ದೀರ್ಘವಾದ ಹಸುರುಕಾಲದಲ್ಲಿ. ಇದನ್ನು ಮೊದಲೇ ಲೆಕ್ಕ ಹಾಕದೆ, ಕೇಸರಿಯ ಬೆಲೆಯನ್ನು ಮಾತ್ರ ಕೇಳಿ ಹಣ ಹೂಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂದು ಕಿಲೋ ಕೇಸರಿಗೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಹೂಗಳು ಬೇಕು. ಅಷ್ಟನ್ನೂ ಮುಂಜಾನೆ, ಬಿಸಿಲೇರುವ ಮೊದಲೇ, ಬಗ್ಗಿ ಒಂದೊಂದಾಗಿ ಕೈಯಿಂದ ಬಿಡಿಸಬೇಕು. ಅಷ್ಟರಿಂದಲೂ ಮೂರು ಮೂರು ಎಳೆಗಳನ್ನು ಉಗುರಿನ ತುದಿಯಿಂದ ಬೇರ್ಪಡಿಸಬೇಕು. ಕಾಶ್ಮೀರದಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ, ಎರಡು ಮೂರು ವಾರಗಳ ಕಾಲ, ಮಕ್ಕಳು ಮುದುಕರೆನ್ನದೆ ಮನೆಮಂದಿಯೆಲ್ಲ ಮಾಡುವ ಕೆಲಸವಿದು. ನಮ್ಮ ಕಲಬುರಗಿ, ವಿಜಯಪುರದ ಹೊಲಗಳಲ್ಲಿ ಬೆಳೆಯುವ ಪಾಪದ ಕುಸುಬೆಯ ದಳಗಳನ್ನು ಒಣಗಿಸಿ ಕೇಸರಿಯೆಂದು ಮಾರುವ ವಂಚಕರಿಗೆ ಅವಕಾಶವಾದದ್ದೂ ಈ ದುರ್ಲಭತೆಯಿಂದಲೇ.

ದುರ್ಲಭತೆಗೆ ಇನ್ನೊಂದು ಕಾರಣವಿದೆ, ಅದು ಈ ಸಸ್ಯದ ಜನ್ಮದಲ್ಲಿಯೇ ಇದೆ. ಕೇಸರಿಗೆ ಬೀಜವಿಲ್ಲ. ಸಾಮಾನ್ಯ ಸಸ್ಯದ ಜೀವಕೋಶದಲ್ಲಿ ವರ್ಣತಂತುಗಳು ಎರಡೆರಡಾಗಿ ಜೊತೆಗೂಡಿದ್ದರೆ, ಇದರಲ್ಲಿ ಮೂರು ಮೂರಾಗಿ 24 ಇವೆ. ಮೂರನ್ನು ಸಮವಾಗಿ ಎರಡು ಪಾಲು ಮಾಡುವುದು ಸಾಧ್ಯವಿಲ್ಲದ್ದರಿಂದ ಬೀಜ ಕಟ್ಟುವುದಿಲ್ಲ. ಗ್ರೀಸಿನಲ್ಲಿ ಇಂದಿಗೂ ಕಾಡಾಗಿ ಬೆಳೆಯುವ ಕ್ರೋಕಸ್ ಜಾತಿಯೊಂದರಿಂದ ಇದು ಉದ್ಭವಿಸಿತೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಅಂದು ಯಾರೋ ಆ ಕಂದವನ್ನು ಅಗೆದು, ಬೇರ್ಪಡಿಸಿ, ಮತ್ತೆ ನೆಡದೆ ಹೋಗಿದ್ದರೆ ಆ ಸಂತತಿ ಅಲ್ಲಿಗೇ ಮುಗಿಯುತ್ತಿತ್ತು. ಸ್ಯಾಂಟೊರಿನಿ ದ್ವೀಪದ ಅಕ್ರೋಟಿರಿಯಲ್ಲಿ, ಜ್ವಾಲಾಮುಖಿಯ ಬೂದಿಯ ಕೆಳಗೆ ದೊರೆತ, ಕ್ರಿಸ್ತಪೂರ್ವ 1600ರ ಸುಮಾರಿನ ಭಿತ್ತಿಚಿತ್ರಗಳಲ್ಲಿ ಹೆಂಗಸರು ಈ ಬಗೆಯ ಹೂಗಳನ್ನು ಬುಟ್ಟಿಗೆ ಬಿಡಿಸುತ್ತಿದ್ದಾರೆ. ಅಲ್ಲಿಂದ ಪಾಂಪೋರಿನ ತನಕ ಈ ಕಂದ ಬಂದದ್ದು ಗಾಳಿಯಿಂದಲ್ಲ, ಹಕ್ಕಿಯಿಂದಲ್ಲ, ಮನುಷ್ಯನ ಕೈಯಿಂದ ಕೈಗೆ.

ಪಾಂಪೋರಿಗೆ ಇದನ್ನು ಇಬ್ಬರು ಸೂಫಿ ಸಂತರು ಹನ್ನೆರಡನೆಯ ಶತಮಾನದಲ್ಲಿ ತಂದರೆಂದು ಅಲ್ಲಿಯ ಐತಿಹ್ಯ. ಅದನ್ನು ಗೌರವದಿಂದಲೇ ಕೇಳಬೇಕು. ಆದರೆ ಅದಕ್ಕಿಂತ ಹಿಂದೆಯೇ ಆ ಕಣಿವೆಯಲ್ಲಿ ಕೇಸರಿ ಬೆಳೆಯುತ್ತಿತ್ತೆಂಬುದಕ್ಕೆ ಸಾಕ್ಷ್ಯ ನುಡಿದವನು ಕನ್ನಡನಾಡಿನ ಆಸ್ಥಾನದಲ್ಲಿ ಕುಳಿತು ಬರೆದ ಕವಿ. ಬಿಲ್ಹಣ ಹುಟ್ಟಿದ್ದು ಪಾಂಪೋರಿಗೆ ಹತ್ತಿರದ ಖೋನಮುಖದಲ್ಲಿ, ಇಂದಿನ ಖುನ್ಮೋಹದಲ್ಲಿ. ನಾಡು ನಾಡು ಸುತ್ತಿ ಕೊನೆಗೆ ಅವನು ನೆಲೆನಿಂತದ್ದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸಭೆಯಲ್ಲಿ. ಅವನ 'ವಿಕ್ರಮಾಂಕದೇವಚರಿತ'ದ ಕೊನೆಯ ಸರ್ಗದಲ್ಲಿ ಕವಿ ತನ್ನ ಹುಟ್ಟೂರನ್ನು ನೆನೆದು, ಅದರ ಒಂದು ಭಾಗದಲ್ಲಿ ಕುಂಕುಮವೂ ಇನ್ನೊಂದರಲ್ಲಿ ದ್ರಾಕ್ಷಿಯೂ ಬೆಳೆಯುವುದನ್ನು ಹೇಳುತ್ತಾನೆ. ಅವನ ಮಾತಿನಲ್ಲಿ ಕುಂಕುಮವೆಂದರೆ ಕೇಸರಿಯೇ. ಅರಿಶಿನಕ್ಕೆ ಸುಣ್ಣ ಕೂಡಿಸಿ ಕೆಂಪಾಗಿಸಿದ ಪುಡಿಗೆ ಆ ಹೆಸರು ಸಂದದ್ದು ಆಮೇಲೆ. ಬೀದರದ ಕಪ್ಪು ಮಣ್ಣನ್ನೂ ಕೆಂಪು ಕಲ್ಲನ್ನೂ ನೋಡುತ್ತ ಕುಳಿತ ಆ ಪರದೇಶಿ ಕವಿಗೆ ತನ್ನೂರಿನ ಕಾರ್ತಿಕದ ಬೆಳಗು ನೆನಪಾಗುತ್ತಿದ್ದುದನ್ನು ನಾನು ಊಹಿಸಿಕೊಳ್ಳಬಲ್ಲೆ.

ಹಾಗಾದರೆ ಕನ್ನಡಿಗರಿಗೆ ಇದನ್ನು ಬೆಳೆಯುವ ಭಾಗ್ಯವಿಲ್ಲವೆ? ಊರಿನಲ್ಲಿರುವವರಿಗೆ ಬಹುಮಟ್ಟಿಗೆ ಇಲ್ಲ. ಕ್ಯಾಲಿಫೋರ್ನಿಯದಲ್ಲೋ ದಕ್ಷಿಣ ಆಸ್ಟ್ರೇಲಿಯದಲ್ಲೋ ಮನೆ ಮಾಡಿಕೊಂಡಿರುವ ನಮ್ಮ ಮಕ್ಕಳಿಗೆ ಧಾರಾಳವಾಗಿ ಉಂಟು, ಏಕೆಂದರೆ ಅಲ್ಲಿಯ ಬೇಸಗೆ ಒಣಬೇಸಗೆ. ಹಿತ್ತಿಲಿನಲ್ಲಿ ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವ ಒಂದು ಪಾತಿಯನ್ನು ಆರಿಸಿಕೊಂಡು, ಮಣ್ಣು ಜಿಗುಟಾಗಿದ್ದರೆ ಮರಳನ್ನೋ ಸಣ್ಣ ಜಲ್ಲಿಯನ್ನೋ ಬೆರೆಸಿ, ಪಾಂಪೋರಿನವರು ಮಾಡುವಂತೆ ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರಿಸಿ ಕಟ್ಟಬೇಕು. ನೀರು ನಿಲ್ಲುವ ನೆಲದಲ್ಲಿ ಕಂದವನ್ನು ಕೊಳೆಸುವ ಬೂಷ್ಟಿಗೆ ಕ್ಷಣ ಸಾಕು. ಬೇಸಗೆಯ ಕೊನೆಯಲ್ಲಿ, ಕೈಯಲ್ಲಿ ಒತ್ತಿದರೆ ಗಟ್ಟಿಯಾಗಿರುವ, ಗಾಯವಿಲ್ಲದ ದಪ್ಪ ಕಂದಗಳನ್ನು ಆ ದೇಶದ ಸಸ್ಯಾಗಾರದಿಂದಲೇ ಕೊಳ್ಳಬೇಕು. ಊರಿನಿಂದ ಜೇಬಿನಲ್ಲಿ ತೆಗೆದುಕೊಂಡು ಹೋಗುವುದು ಅಲ್ಲಿಯ ಕಾನೂನಿಗೂ ವಿರುದ್ಧ, ರೋಗ ಹರಡುವುದಕ್ಕೂ ದಾರಿ. ಅಂಗೈಯಗಲ ಅಂತರ ಬಿಟ್ಟು, ಮೊಗ್ಗು ಮೇಲಾಗಿ ನೆಟ್ಟು, ಮೇಲೆ ತಂತಿಬಲೆ ಹಾಸಿದರೆ ಇಲಿ ಅಳಿಲುಗಳ ಕಾಟವಿಲ್ಲ. ಕಾಶ್ಮೀರದಲ್ಲಿ ಈ ಪೀಡೆ ಕೊಡುವುದು ಮುಳ್ಳುಹಂದಿ; ರಾತ್ರಿ ಬಂದು ಸಾಲು ಸಾಲಾಗಿ ಅಗೆದು ತಿಂದುಹೋಗುತ್ತದೆ. ಶರತ್ತಿನಲ್ಲಿ ಒಂದು ಹದಮಳೆಯಷ್ಟು ನೀರು ಕೊಟ್ಟರೆ ಕಂದ ಎಚ್ಚರಗೊಳ್ಳುತ್ತದೆ. ಹೂ ಮುಗಿದ ಮೇಲಿನ ಎಲೆಯನ್ನು ಅಂದಕ್ಕಾಗಿ ಕತ್ತರಿಸಬಾರದು, ಗಂಟುಕಟ್ಟಲೂ ಬಾರದು. ಎಲೆ ಒಣಗಿದಂದಿನಿಂದ ಮುಂದಿನ ಶರತ್ತಿನ ವರೆಗೆ ಆ ಪಾತಿಗೆ ನೀರಿಲ್ಲ. ಖಾಲಿ ಕಂಡಿತೆಂದು ಅದರ ಮೇಲೆ ಚೆಂಡುಹೂವನ್ನೋ ಟೊಮ್ಯಾಟೊವನ್ನೋ ನೆಟ್ಟರೆ, ಅವಕ್ಕೆರೆದ ನೀರು ಇವನ್ನು ಕೊಲ್ಲುತ್ತದೆ. ಇಂಗ್ಲೆಂಡಿನಂತಹ ತಂಪು ನಾಡಿನಲ್ಲಾದರೆ ದಕ್ಷಿಣಕ್ಕೆ ಮುಖವಿರುವ ಗೋಡೆಯ ಬುಡವೇ ಸರಿ. ಸ್ಯಾಫ್ರನ್ ವಾಲ್ಡನ್ ಎಂಬ ಊರಿಗೆ ಆ ಹೆಸರು ಬಂದದ್ದು ಒಂದು ಕಾಲದಲ್ಲಿ ಅಲ್ಲಿಯೂ ಇದನ್ನು ಬೆಳೆಯುತ್ತಿದ್ದುದರಿಂದ.

ಇದೇ ನಿಯಮಕ್ಕೆ ಒಳಪಟ್ಟ ಬಂಧುಗಳು ಹಲವರಿದ್ದಾರೆ. ಕೇಪ್ ಪ್ರಾಂತದ ಫ್ರೀಸಿಯ, ಇಕ್ಸಿಯ, ಸ್ಪರಾಕ್ಸಿಸ್, ಬಬಿಯಾನ ಎಲ್ಲವೂ ಚಳಿಗಾಲದಲ್ಲಿ ಬೆಳೆದು ಬೇಸಗೆಯಲ್ಲಿ ಮಲಗುವ ಕಂದಗಳೇ; ಬಬಿಯಾನಕ್ಕೆ ಆ ಹೆಸರಿಟ್ಟದ್ದು ಅಲ್ಲಿಯ ಬಬೂನ್ ಕೋತಿಗಳು ಅದನ್ನು ಅಗೆದು ತಿನ್ನುವುದರಿಂದ. ಆದರೆ ಕಾಲ್ಚಿಕಮ್ ಎಂಬ ಒಂದು ಹೂವಿನ ವಿಷಯದಲ್ಲಿ ಎಚ್ಚರ ಅಗತ್ಯ. ಅದೂ ಶರತ್ತಿನಲ್ಲಿ ನೆಲದಿಂದ ನೇರಳೆಯಾಗಿ ಏಳುತ್ತದೆ, ನೋಡುವುದಕ್ಕೆ ಕೇಸರಿಯಂತೆಯೇ. ಅದರ ಮೈಯೆಲ್ಲ ಪ್ರಾಣಾಂತಕವಾದ ವಿಷ. ಕೇಸರಗಳನ್ನು ಎಣಿಸಿ ನೋಡಬೇಕು: ಕೇಸರಿಗೆ ಮೂರು, ಕಾಲ್ಚಿಕಮಿಗೆ ಆರು. ಎಣಿಸದೆ ಯಾವ ಎಳೆಯನ್ನೂ ಹಾಲಿಗೆ ಹಾಕಬಾರದು.

ಪಾಂಪೋರಿನ ಬೆಳೆಗಾರರ ಚಿಂತೆ ಬೇರೆಯದು. ಪುರಾತನ ಸರೋವರದ ತಳವಾಗಿದ್ದು ಇಂದು ದಿಣ್ಣೆಗಳಾಗಿ ನಿಂತಿರುವ ಕರೇವಾ ಭೂಮಿಗೆ ಹೊಳೆಯ ನೀರು ಏರುವುದಿಲ್ಲ. ಕಂದವನ್ನು ಎಬ್ಬಿಸುವ ಆಗಸ್ಟ್ ಸೆಪ್ಟೆಂಬರಿನ ಹನಿಮಳೆಯನ್ನೇ ಅವರು ನಂಬಿದ್ದರು, ಆ ಮಳೆ ಈಗ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕೇಸರಿ ಯೋಜನೆ ತುಂತುರು ನೀರಾವರಿಗೆ ಹಣ ಕೊಟ್ಟಿತು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೂ ಕೇಸರಿಯ ನೆಲ ಹಿಂದಿಗಿಂತ ಕುಗ್ಗಿದೆ. ಬೇಸಗೆಯಲ್ಲಿ ಬೋಳಾಗಿ ಕಾಣುವ ನೆಲವನ್ನು ಬೀಳುಭೂಮಿಯೆಂದು ತಿಳಿದು ಮನೆ ಕಟ್ಟಲು ಬರುವವರ ಕಣ್ಣಿಗೆ, ಒಳಗೆ ಮಲಗಿರುವುದು ಕಾಣಿಸುವುದು ಹೇಗೆ?

ಅಡಿಲೇಡಿನಲ್ಲಿರುವ ನಮ್ಮ ಅಣ್ಣನ ಮಗಳು ನನ್ನ ಮಾತು ಕೇಳಿ ಇಪ್ಪತ್ತು ಕಂದಗಳನ್ನು ನೆಟ್ಟಳು. ಮೊದಲ ವರ್ಷ ಏಳು ಹೂ ಬಂದುವು. ಅಲ್ಲಿಯ ಕಡುಬೇಸಗೆಯಾದ ಜನವರಿಯಲ್ಲಿ ಒಂದು ಸಂಜೆ ದೂರವಾಣಿಯಲ್ಲಿ ಮಾತನಾಡುತ್ತ, "ಚಿಕ್ಕಪ್ಪ, ಪಾತಿ ಬಿರುಕು ಬಿಟ್ಟಿದೆ, ನೋಡೋದಕ್ಕೇ ಆಗೋಲ್ಲ, ಒಂದು ಬಿಂದಿಗೆ ನೀರು ಹಾಕಿಬಿಡಲೇ?" ಎಂದು ಕೇಳಿದಳು. "ಬೇಡಮ್ಮ, ಬಾಯಿ ಬಿಟ್ಟರೆ ಬಿಡಲಿ" ಎಂದೆ. ಅವಳು ಹಾಕಲಿಲ್ಲ. ನಮ್ಮಲ್ಲಿ ವೈಶಾಖದ ಬಿಸಿಲು ಸುಡುತ್ತಿದ್ದಾಗ, ಅಲ್ಲಿ ಏಪ್ರಿಲಿನ ತಂಪು ಬೆಳಗಿನಲ್ಲಿ, ಇಪ್ಪತ್ತಮೂರು ಹೂಗಳನ್ನು ಎಣಿಸಿದಳು. ಅರವತ್ತೊಂಬತ್ತು ಎಳೆಗಳನ್ನು ಬಿಳಿಯ ಕಾಗದದ ಮೇಲೆ ಒಣಗಿಸಿ, ಐದನ್ನು ಅಂದಿನ ಪಾಯಸಕ್ಕೆ ಹಾಕಿ, ಉಳಿದದ್ದನ್ನು ಒಂದು ಸಣ್ಣ ಗಾಜಿನ ಸೀಸೆಯಲ್ಲಿ ಎತ್ತಿಟ್ಟಿದ್ದಾಳೆ.